ಸ್ವಿಚ್ ಇತ್ತು, ಫ್ಲೋ ಇರಲಿಲ್ಲ

ಓಪನ್ ವಿಸ್ವಿಚ್ ಅಂದ್ರೆ ಕಂಪ್ಯೂಟರ್ ಒಳಗೇ ಓಡೋ ಸ್ವಿಚ್. ಡಬ್ಬ ಇಲ್ಲ, ಮಿನುಗೋ ದೀಪ ಇಲ್ಲ. ವರ್ಚುವಲ್ ಮಷೀನುಗಳ ಮಧ್ಯೆ ಪ್ಯಾಕೆಟ್ ಸಾಗಿಸೋದು ಅದರ ಕೆಲಸ. ಫೈನಲ್ ಇಯರ್ ಪ್ರಾಜೆಕ್ಟಿಗೆ ನಾನೂ ನನ್ನ ಪಾರ್ಟ್ನರೂ ಲ್ಯಾಬಿನ ಒಂದು ಹಳೇ ಮಷೀನಿಗೆ ಇದನ್ನ ಹಾಕಿದ್ವಿ.

ಉಬುಂಟುವಿನಲ್ಲಿ ಇನ್‌ಸ್ಟಾಲ್ ಒಂದೇ ಸಾಲು. ಏಟು ಬಿದ್ದದ್ದು ಆಮೇಲೆ. ಹಾಸ್ಟೆಲ್‌ನಿಂದ ಎಸ್‌ಎಸ್‌ಎಚ್ ಮಾಡಿ, ಆ ಮಷೀನಿಗಿದ್ದ ಒಂದೇ ಒಂದು ಲ್ಯಾನ್ ಕಾರ್ಡನ್ನ ಬ್ರಿಡ್ಜ್‌ಗೆ ಸೇರಿಸಿ ಎಂಟರ್ ಒತ್ತಿದೆ. ಟರ್ಮಿನಲ್ ಕಲ್ಲಾಯ್ತು. ಕಾರ್ಡ್ ಬ್ರಿಡ್ಜ್ ಸೇರಿದ ಮೇಲೆ ಅದರ ಐಪಿ ಅಡ್ರೆಸ್ಸನ್ನ ಬ್ರಿಡ್ಜ್‌ಗೇ ಕೊಡಬೇಕು. ಕೂತ ಕೊಂಬೆಯನ್ನೇ ಕಡಿದಿದ್ದೆ. (ಈ ತಪ್ಪು ಮಾಡದವರು ಯಾರಾದ್ರೂ ಇದ್ರೆ ಒಮ್ಮೆ ತೋರಿಸಿ.) ಬೆಳಿಗ್ಗೆ ಲ್ಯಾಬಿಗೇ ಹೋಗಿ ಸರಿಮಾಡಿದೆ, ಇಬ್ಬರೂ ನಕ್ಕೆವು.

ಅಪ್‌ಗ್ರೇಡ್ ಕಥೆ ನಗೋ ಹಾಗಿಲ್ಲ. ರಿವ್ಯೂ ಹಿಂದಿನ ರಾತ್ರಿ, ಅವಳಿಗೂ ಹೇಳದೆ ಹೊಸ ವರ್ಷನ್ ಹಾಕಿದೆ. ಡೇಟಾಬೇಸ್ ಫೈಲಿನ ಬ್ಯಾಕಪ್ ತಗೊಂಡೆ, ಸರ್ವಿಸ್ ಸ್ಟಾಪ್ ಮಾಡಿದೆ, ಸ್ಟಾರ್ಟ್ ಮಾಡಿದೆ. ನೋಡಿದ್ರೆ ಬ್ರಿಡ್ಜ್, ಪೋರ್ಟ್ ಎಲ್ಲ ಇದ್ದ ಹಾಗೇ ಇದ್ವು. ನೆಮ್ಮದಿಯಾಗಿ ಮಲಗಿದೆ.

ಡೆಮೋದಲ್ಲಿ ತಡೀಬೇಕಿದ್ದ ಪಿಂಗ್ ಸಲೀಸಾಗಿ ದಾಟಿ ಹೋಯ್ತು. ಫ್ಲೋ ಟೇಬಲ್ ತೆಗೆದ್ರೆ ಒಂದೇ ಸಾಲು: ನಾರ್ಮಲ್. ಅಂದ್ರೆ ಮಾಮೂಲಿ ಸ್ವಿಚ್. ಬ್ರಿಡ್ಜ್, ಪೋರ್ಟುಗಳು ಡಿಸ್ಕಿನ ಡೇಟಾಬೇಸಿನಲ್ಲಿರ್ತವೆ. ಕೈಯಾರೆ ಹಾಕಿದ ಫ್ಲೋಗಳು ಪ್ರೋಸೆಸ್ಸಿನ ಮೆಮೊರಿಯಲ್ಲಷ್ಟೇ. ಅದು ನಿಂತರೆ ಅವೂ ಹೋದವು. ಓವಿಎಸ್-ಸಿಟಿಎಲ್‌ಗೆ ರೀಸ್ಟಾರ್ಟ್ ಅಂದಿದ್ರೆ ಅದೇ ಫ್ಲೋಗಳನ್ನ ಎತ್ತಿಟ್ಟು ವಾಪಸ್ ಹಾಕ್ತಿತ್ತು. ನಾನು ಸ್ಟಾಪ್ ಮಾಡಿದ್ದೆ. ಅವಳು ಎರಡು ವಾರ ಒಂದೊಂದಾಗಿ ಟೆಸ್ಟ್ ಮಾಡಿ ಹಾಕಿದ್ದ ರೂಲ್ಸ್ ಅವು.

"ರೂಲ್ಸ್ ಬರೆದಿದ್ದು ಯಾರಮ್ಮ?" ಅಂದ್ರು ಸರ್.

"ನಾನೇ ಸರ್. ಏನೋ ತಪ್ಪು ಮಾಡಿದೀನಿ ಅನ್ಸತ್ತೆ" ಅಂದಳು.

ನಾನು ಸ್ಕ್ರೀನ್ ನೋಡ್ತಾ ಸುಮ್ಮನೆ ನಿಂತಿದ್ದೆ. ಗೊತ್ತಿತ್ತು. ಆ ಒಂದೇ ಸಾಲು ನೋಡಿದಾಗಲೇ ಗೊತ್ತಾಗಿತ್ತು.

ಕ್ಯಾಂಟೀನಲ್ಲಿ ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ, ಬೈಲಿಲ್ಲ. "ಅಲ್ಲೇ ಹೇಳ್ಬಹುದಿತ್ತಲ್ವೇನೋ" ಅಂದು ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಮಧ್ಯಾಹ್ನ ಸರ್ ಚೇಂಬರಿಗೆ ಹೋಗಿ ನಡೆದದ್ದು ಹೇಳಿದೆ. ಮುಂದಿನ ವಾರ ಇನ್ನೊಮ್ಮೆ ತೋರಿಸಿ ಅಂದ್ರು.

ಮೂರು ಸಂಜೆ ಅವಳು ಹೇಳಿದಳು, ನಾನು ಟೈಪ್ ಮಾಡಿದೆ. ಫ್ಲೋಗಳೆಲ್ಲ ಈಗ ಒಂದು ಸ್ಕ್ರಿಪ್ಟಿನಲ್ಲಿವೆ. ಮೊದಲ ಸಾಲಿನ ಕಾಮೆಂಟ್ ಅವಳದು: ಅಪ್‌ಗ್ರೇಡ್ ಮಾಡೋ ಮುಂಚೆ ಫೋನ್ ಮಾಡು.