ಬೀಳುವದನ್ನು ಕಲಿಯುವ ವಿದ್ಯೆ



ಈ ಸಂಚಿಕೆಯಲ್ಲಿ ಪರೀಕ್ಷಾಫಲ, ಹೊಲಿಗೆ, ಸಂಗೀತಗಳ ಕುರಿತು ಬರೆಯುವದು ನಮ್ಮ ರೂಢಿಯು. ಈ ಸಾರೆ ಕುಸ್ತಿಯ ಮಾತೆತ್ತಿದೆವೆಂದು ತಾವು ನಗಬಾರದು.

ಎರಡು ವರ್ಷಗಳ ಹಿಂದೆ ಹುಕ್ಕೇರಿ ಕಡೆಯ ರೈತರೊಬ್ಬರು ತಮ್ಮ ಮಗಳ ದಾಖಲೆಯನ್ನು ಬೇಡಿ ಬಂದರು. ಎಂಟನೆಯ ಇಯತ್ತೆಯ ಆ ಹುಡುಗಿಯನ್ನು ಬೆಳಗಾವಿಗೆ ಜೂಡೋ ಕಲಿಯಲು ಕಳುಹಿಸುವ ವಿಚಾರವು ಅವರದು. ಕೈಕಾಲು ಮುರಿದರೆ ಹೇಗೆ, ಓದು ಕೆಟ್ಟರೆ ಹೇಗೆ, ಮುಂದೆ ಲಗ್ನವಾಗುವದು ಹೇಗೆ ಎಂದು ನಾವು ದೀರ್ಘವಾಗಿ ಉಪದೇಶಿಸಿದೆವು. ಅವರು ಎಲ್ಲವನ್ನೂ ಕೇಳಿ, "ಅಕ್ಕೋರ್ರೀ, ಗಂಡ ಹುಡುಗ ಇದ್ದಿದ್ರ ಹಿಂಗ ಕೇಳ್ತಿದ್ರ್ಯೇನ್ರೀ?" ಎಂದರು. ನಾವು ಉತ್ತರ ಕೊಡದೆ ಅರ್ಜಿಯನ್ನು ಮೇಜಿನ ಖಾನೆಯಲ್ಲಿಟ್ಟೆವು. ಎಂಟು ದಿನ ಅದು ಅಲ್ಲಿಯೇ ಇದ್ದಿತು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಕುಸ್ತಿಯು ಹೊಸತಲ್ಲ. ಜಾತ್ರೆಯ ಕಣದಲ್ಲಿ ಹಲಗೆಯ ಸಪ್ಪಳವನ್ನು ಕೇಳಿಯೇ ನಾವೆಲ್ಲ ಬೆಳೆದೆವು. ಆದರೆ ದೂರದಿಂದ ಕೇಳಿದೆವು. ಕಣದ ಹತ್ತಿರ ನಮ್ಮನ್ನು ಯಾರೂ ಬಿಡಲಿಲ್ಲ.

ಆ ಎಂಟು ದಿನಗಳಲ್ಲಿ ನಾವು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುವೆವು. ಜೂಡೋ ವಿದ್ಯೆಯನ್ನು ಜಪಾನಿನ ಶಿಕ್ಷಕರಾದ ಜಿಗೊರೊ ಕಾನೊ ಎಂಬವರು 1882ರಲ್ಲಿ ಟೋಕಿಯೋದಲ್ಲಿ ಆರಂಭಿಸಿದರು. ಇದರಲ್ಲಿ ಎದುರಾಳಿಯ ಬಲವನ್ನೇ ತಿರುಗಿಸಿ ಅವನನ್ನು ಕೆಡಹಬೇಕು. ಅದಕ್ಕಿಂತ ಮೊದಲು ಪೆಟ್ಟಾಗದಂತೆ ತಾನು ಬೀಳುವದನ್ನು ಕಲಿಯಬೇಕು. ಅಂಗಭಂಗದ ನಮ್ಮ ಭಯಕ್ಕೆ ಮೊದಲನೆಯ ಪಾಠದಲ್ಲಿಯೇ ಉತ್ತರವಿದ್ದಿತು! ಒಲಿಂಪಿಕದಲ್ಲಿ ಗಂಡಸರ ಜೂಡೋ 1964ರಲ್ಲಿಯೇ ಸೇರಿತು; ಹೆಂಗಸರಿಗೆ ಪದಕ ದೊರೆಯಲು 1992ರ ವರೆಗೆ ಕಾಯಬೇಕಾಯಿತು. ಐದಡಿಗೂ ಗಿಡ್ಡಳಾದ ರಿಯೋಕೊ ಎಂಬ ಜಪಾನೀ ಹುಡುಗಿ ಆ ವರ್ಷವೇ ಬೆಳ್ಳಿಯನ್ನು ಗೆದ್ದಳು. ನಾಲ್ಕು ವರ್ಷಗಳ ತರುವಾಯ ಮತ್ತೆ ಬೆಳ್ಳಿಯೇ. ಬಂಗಾರವು ದೊರೆತದ್ದು 2000ರಲ್ಲಿ, ಪುನಃ 2004ರಲ್ಲಿ. ಲಗ್ನವಾಗಿ, ತಾಯಿಯಾದ ಮೇಲೆ 2007ರಲ್ಲಿ ಆಕೆಯು ಏಳನೆಯ ಸಾರೆ ಜಗತ್ತಿನ ಪದವಿಯನ್ನು ಗೆದ್ದಳು. ಲಗ್ನದ ಕುರಿತು ನಾವಾಡಿದ ಮಾತು ಆಗ ನಮಗೇ ನಾಚಿಕೆ ತಂದಿತು.

ಜಪಾನು ದೂರದ್ದೆನ್ನುವವರು ನಮ್ಮ ಬೆಳಗಾವಿ ತಾಲೂಕಿನ ತುರಮುರಿಯನ್ನು ನೆನೆಯಬೇಕು. ಅಲ್ಲಿಯ ರೈತ ಮನೆತನದ ಮಲಪ್ರಭಾ ಜಾಧವ ಎಂಬವಳು ಬೆಳಗಾವಿಯಲ್ಲಿ ಜೂಡೋ ಕಲಿತಳು. (ನಮ್ಮ ಗೋಕಾಕದಲ್ಲಿ ಹರಿಯುವದು ಘಟಪ್ರಭೆ, ಹೊಳೆಯ ಹೆಸರಿನ ಹುಡುಗಿಯರನ್ನು ತಡೆಯುವದು ಕಠಿಣವೆಂದು ಕಾಣುತ್ತದೆ.) 2018ರ ಆಗಸ್ಟದಲ್ಲಿ ಜಕಾರ್ತಾ ಪಟ್ಟಣದ ಏಶಿಯಾ ಕ್ರೀಡೆಗಳಲ್ಲಿ ಉಜ್ಬೇಕಿಸ್ತಾನದ ಕುರಾಶ್ ಕುಸ್ತಿಯು ಪ್ರಥಮವಾಗಿ ಸೇರಿದಾಗ ಈಕೆಯು 52 ಕಿಲೋ ತೂಕದವರಲ್ಲಿ ಇಳಿದಳು. ಕುರಾಶಿನಲ್ಲಿ ನಿಂತೇ ಹೋರಾಡಬೇಕು; ನೆಲದ ಮೇಲಿನ ಹಿಡಿತಗಳಿಗೆ ಆಸ್ಪದವಿಲ್ಲ. ಕೆಡಹುವ ಪಟ್ಟುಗಳು ಜೂಡೋದ ಪಟ್ಟುಗಳಿಗೆ ಹತ್ತಿರದವು. ಉಪಾಂತ್ಯದಲ್ಲಿ ಉಜ್ಬೇಕಿಸ್ತಾನದವಳಿಗೆ ಸೋತರೂ ಕಂಚಿನ ಪದಕವನ್ನು ತಂದಳು. ಅದೇ ತೂಕದಲ್ಲಿ ದಿಲ್ಲಿಯ ಪಿಂಕಿ ಬಲ್ಹಾರಾ ಎಂಬವಳಿಗೆ ಬೆಳ್ಳಿಯು ದೊರೆಯಿತು.

ಒಂಬತ್ತನೆಯ ದಿನ ನಾವು ಸಹಿ ಮಾಡಿದೆವು. ತಂದೆಯವರಿಗೆ ಕ್ಷಮೆ ಬೇಡಿದೆವು. ಅವರು ಸಂಕೋಚದಿಂದ ಪಟಗವನ್ನು ಸರಿಪಡಿಸಿಕೊಂಡರು.

ಕಳೆದ ದೀಪಾವಳಿಯ ಸೂಟಿಗೆ ಮುಂಚೆ ಆ ಹುಡುಗಿ ಶಾಲೆಗೆ ಬಂದಿದ್ದಳು. ಮೊದಲ ಪಂದ್ಯದಲ್ಲಿಯೇ ಸೋತಳಂತೆ. ಅದನ್ನು ಮುಚ್ಚಿಡದೆ ಹೇಳಿ, ಪಡಸಾಲೆಯಲ್ಲಿ ಎರಡು ಗಾದಿಗಳನ್ನು ಹಾಸಿಸಿ, ಹಿಂದಕ್ಕೆ ಬಿದ್ದು ತೋರಿಸಿದಳು. ಅಂಗೈ ಗಾದಿಗೆ ಬಡಿದ ಸಪ್ಪಳಕ್ಕೆ ಐದನೆಯ ಇಯತ್ತೆಯವರೆಲ್ಲ ಪಾಠ ಬಿಟ್ಟು ಹೊರಗೆ ಬಂದರು. ನಾವು ಗದರಿಸಲಿಲ್ಲ. ತಾವೂ ಬಿದ್ದು ನೋಡುವೆವೆಂದು ಅವರು ಸಾಲಾಗಿ ನಿಂತರು.