ಕರೆಗಟ್ಟಿದ ನಗು

ನಮ್ಮ ಹಿರಿಯೂರು ಸೀಮೆಯವರನ್ನು ಗುರುತು ಹಿಡಿಯಲು ಆಧಾರ್ ಕಾರ್ಡು ಬೇಕಿಲ್ಲ, ಒಮ್ಮೆ ನಗಿಸಿದರೆ ಸಾಕು. ಮುಂದಿನ ಹಲ್ಲುಗಳ ಮೇಲೆ ಬೆಲ್ಲದ ಬಣ್ಣದ ಕರೆ. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಕೊಳವೆಬಾವಿ ಆಳಕ್ಕಿಳಿದಂತೆ ನೀರಿನ ಜೊತೆ ಫ್ಲೋರೈಡೂ ಮೇಲೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಸರ್ಕಾರಿ ಲೆಕ್ಕ. ಬೋರಿಗೆ ಓದುಬರಹ ಬರುವುದಿಲ್ಲ. ಹಲ್ಲು ಇನ್ನೂ ದವಡೆಯೊಳಗೆ ಬಲಿಯುತ್ತಿರುವಾಗಲೇ ಕೂರುವ ಕರೆ ಅದು, ಯಾವ ಪೇಸ್ಟಿಗೂ ಜಗ್ಗುವುದಿಲ್ಲ. ಯಲ್ಲದಕೆರೆಯಲ್ಲಿ ಹುಟ್ಟಿದ ನನಗೆ ತೆಂಗಿನ ತೋಟದ ಜೊತೆ ಅದೂ ಪಿತ್ರಾರ್ಜಿತ. ತೋಟವನ್ನು ಅಪ್ಪ ನನ್ನ ಬಿಡಿಎಸ್ ಫೀಸಿಗೆ ಮಾರಿದರು. ಕರೆ ಉಳಿಯಿತು.

"ಬರೀ ಹಲ್ಲಿಗೇ ಐದು ವರ್ಷವೇನೋ? ಹಂಗಾದ್ರೆ ಇಡೀ ಮನುಷ್ಯನ್ನ ಕಲಿಯಾಕೆ ಎಷ್ಟು?" ಎಂದು ಚಿಕ್ಕಪ್ಪ ಕೇಳಿದ್ದರು.

"ಐದೂವರೆ," ಅಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ.

ಬೆಂಗಳೂರಿನ ಹವಾನಿಯಂತ್ರಿತ ಕ್ಲಿನಿಕ್ಕೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಪೇಷಂಟಿಗೆ ಹೇಳಬಾರದ ಒಂದೇ ಮಾತು: "ನಿಮ್ಮ ಹಲ್ಲು ಚೆನ್ನಾಗಿದೆ, ಹೋಗಿಬನ್ನಿ." ತಿಂಗಳಿಗಿಷ್ಟು ಇಂಪ್ಲಾಂಟು, ಇಷ್ಟು ಕ್ಯಾಪು ಎಂಬ ಟಾರ್ಗೆಟ್ಟು. ನನಗಿಂತ ಚಿಕ್ಕವನಾದ ಮ್ಯಾನೇಜರ್ ಒಂದು ದಿನ ನನ್ನ ಬಾಯಿಯನ್ನೇ ನೋಡುತ್ತಾ, "ಡಾಕ್ಟ್ರೇ, ಈ ಹಲ್ಲಿಟ್ಟುಕೊಂಡು ಸ್ಮೈಲ್ ಪ್ಯಾಕೇಜ್ ಹೇಗೆ ಮಾರ್ತೀರಾ?" ಎಂದ. ಎಂಟು ಹಲ್ಲಿಗೆ ಕರೆ ಮುಚ್ಚುವ ವಿನಿಯರ್ ಕೂತವು. ಸಂಬಳದಲ್ಲಿ ಕಂತು ಹಿಡಿದರು. ಕಂತು ಮುಗಿಯುವ ಹೊತ್ತಿಗೆ ಕೆಲಸವೂ ಮುಗಿದಿತ್ತು.

ಈಗ ಹಿರಿಯೂರಿನಲ್ಲಿ ನನ್ನದೇ ಪುಟ್ಟ ಕ್ಲಿನಿಕ್ಕು. ಕುರ್ಚಿ ಬ್ಯಾಂಕಿನದು, ಪೇಷಂಟು ಕೂತರೂ ಕೂರದಿದ್ದರೂ ಅದರ ಇಎಂಐ ಮಾತ್ರ ಕೂರುವುದಿಲ್ಲ. ಬಂದವರೆಲ್ಲ ಹೇಳುವುದು "ಕಿತ್ತಾಕಿ ಸಾ" ಅಂತಲೇ. ಹಲ್ಲು ಉಳಿಸಬಹುದು, ಬೇರಿನ ನಾಳ ಕೊರೆದು ಸ್ವಚ್ಛ ಮಾಡಿ ತುಂಬಬೇಕು, ಆಮೇಲೆ ಕ್ಯಾಪು ಹಾಕಬೇಕು ಎಂದು ವಿವರಿಸಿ ರೇಟು ಹೇಳಿದೆ ಒಬ್ಬ ಯಜಮಾನರಿಗೆ. "ಒಂದು ಹಲ್ಲಿಗೆ ಒಂದು ಕುರಿಮರಿನಾ?" ಎಂದು ಎದ್ದೇಬಿಟ್ಟರು. ಬಾಗಿಲಲ್ಲಿ ನಿಂತು, "ನೀವೂ ಬೋರಿನ ಲಾರಿಯೋರ ಹಂಗೇ ಬುಡಿ. ಕೊರೆಯಾದಕ್ಕೆ ದುಡ್ಡು, ನೀರು ಬಂದ್ರೆ ನಮ್ಮ ಪುಣ್ಯ."

ಸಿಟ್ಟು ಬರಲಿಲ್ಲ. ನಮ್ಮ ತೋಟದಲ್ಲಿ 700 ಅಡಿಗೆ ಬರೀ ಧೂಳೆದ್ದಾಗ ಅಪ್ಪ ನಿಂತಿದ್ದ ಭಂಗಿ ನೆನಪಾಯಿತು.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಸೀಮೆಗೆ ಸೀಮೆಯೇ ಅಲ್ಲಿ ನೆರೆದಿತ್ತು. ಮನೆಯವರೆಲ್ಲ ನೀರಿಗೆ ಬೆನ್ನು ಮಾಡಿ ನಿಂತು, ಬಾಯಿತುಂಬ ನಗುತ್ತಾ ಫೋಟೋ ತೆಗೆಸಿಕೊಂಡೆವು. ರಾತ್ರಿ ಫೋನು ಕೈಯಿಂದ ಕೈಗೆ ದಾಟುತ್ತಾ ಅಜ್ಜಿಯ ಬಳಿ ಬಂತು. ಕಣ್ಣು ಕಿರಿದು ಮಾಡಿ ಒಬ್ಬೊಬ್ಬರ ಹೆಸರನ್ನೂ ಸರಿಯಾಗಿ ಹೇಳಿದಳು. ನನ್ನ ಮೇಲೆ ಬೆರಳು ನಿಂತಿತು.

"ಇದ್ಯಾರ ಮಗ? ನಮ್ಮ ಕಡೆಯವನ ಥರ ಇಲ್ವಲ್ಲ."