ಸೌದೆಯಾಗದ ಕಂಬ

ಕಾಠ್ಮಂಡುವಿನ ಪಶುಪತಿನಾಥ ದೇವಾಲಯಕ್ಕೆ ಅನತಿದೂರದಲ್ಲಿ ಬತ್ತೀಸಪುತಲಿ ಎಂಬ ಬಡಾವಣೆಯಿದೆ. ಪಶುಪತಿನಾಥನನ್ನು ಶತಮಾನಗಳಿಂದ ಅರ್ಚಿಸುತ್ತ ಬಂದವರು ದಕ್ಷಿಣದ ಭಟ್ಟರು. ಕರ್ನಾಟಕದ ಕರಾವಳಿಯಿಂದ ಹೋದ ಹಲವರು ಅವರಲ್ಲಿದ್ದಾರೆ. ಹಾಗಾಗಿ ಈ ದೇವಾಲಯದ ಹೆಸರು ಕನ್ನಡಿಗರಿಗೆ ದೂರದ್ದಲ್ಲ. ಆದರೆ ದರ್ಶನ ಮುಗಿಸಿದ ಯಾತ್ರಿಕರಲ್ಲಿ ಬತ್ತೀಸಪುತಲಿಯ ಬೀದಿಗೆ ತಿರುಗುವವರು ವಿರಳ. ವಾಹನಗಳ ಗದ್ದಲ, ಧೂಳು, ಕಾಂಕ್ರೀಟಿನ ಕಟ್ಟಡಗಳು. ಇವುಗಳ ನಡುವೆ ಒಂದು ಹೆಬ್ಬಾಗಿಲನ್ನು ದಾಟಿದರೆ ಕೆಂಪು ಇಟ್ಟಿಗೆಯ ಅಂಗಳ, ಸುತ್ತಲೂ ಕುಸುರಿ ಕೆತ್ತನೆಯ ಮರದ ಕಿಟಕಿಗಳು. ಇದು ದ್ವಾರಿಕಾಸ್ ಹೋಟೆಲು.

ಇದರ ಕಥೆ ಹೋಟೆಲಿನಿಂದ ಆರಂಭವಾಗುವುದಿಲ್ಲ. 1951ರಲ್ಲಿ ರಾಣಾಗಳ ಆಳ್ವಿಕೆ ಕೊನೆಗೊಂಡು ನೇಪಾಳವು ಹೊರಜಗತ್ತಿಗೆ ತೆರೆದುಕೊಳ್ಳುತ್ತಿದ್ದ ಕಾಲವದು. ಹಳೆಯ ಮನೆಗಳನ್ನು ಕೆಡವಿ ಹೊಸತನ್ನು ಕಟ್ಟುವ ಉತ್ಸಾಹ ಊರೆಲ್ಲ ಹಬ್ಬಿತ್ತು. 1952ರ ಒಂದು ಬೆಳಗ್ಗೆ ದ್ವಾರಿಕಾದಾಸ್ ಶ್ರೇಷ್ಠ ಎಂಬವರು, ಕೆಡವಿದ ಮನೆಯೊಂದರ ಕೆತ್ತನೆಯ ಕಂಬವನ್ನು ಬಡಗಿಗಳು ಗರಗಸದಿಂದ ಕತ್ತರಿಸುತ್ತಿರುವುದನ್ನು ಕಂಡರು. ಕೆತ್ತಿದ ಭಾಗವು ಸೌದೆಗೆ ಹೋಗುವುದಿತ್ತು. ಅವರು ಹೊಸ ಮರವನ್ನು ಕೊಟ್ಟು ಆ ಕೆತ್ತನೆಯನ್ನು ಪಡೆದರು. ಬಳಿಕ ಅದೇ ಅವರ ಜೀವನದ ಕಾರ್ಯವಾಯಿತು.

ಪುರಾತನ ಸ್ಮಾರಕಗಳ ಸಂರಕ್ಷಣೆಗೆ ನೇಪಾಳದಲ್ಲಿ ಕಾಯಿದೆ ಬಂದುದು 1956ರಲ್ಲಿ. ಆದರೆ ಕಾಯಿದೆಗೆ ತಡೆಯುವ ಶಕ್ತಿಯಿದೆ, ಕೆತ್ತುವ ಶಕ್ತಿಯಿಲ್ಲ. ಸಂಗ್ರಹಿಸಿದ ಕಿಟಕಿಗಳಲ್ಲಿ ಅನೇಕವು ಮುರಿದಿದ್ದವು. ಅವನ್ನು ಸರಿಪಡಿಸಲು ಕಾರ್ಯಾಗಾರ ಬೇಕಾಯಿತು. ನೇವಾರ ಕುಶಲಕರ್ಮಿಗಳು ಬಂದರು, ಅವರಿಂದ ಕಿರಿಯರು ಕಲಿತರು. ಇದಕ್ಕೆಲ್ಲ ಹಣವನ್ನು ಒದಗಿಸಿದ್ದು ಅತಿಥಿಗೃಹ. ಶ್ರೇಷ್ಠರು 1992ರಲ್ಲಿ ತೀರಿಕೊಂಡ ಮೇಲೆ ಪತ್ನಿ ಅಂಬಿಕಾ ಅವರು ಇದನ್ನು ಮುನ್ನಡೆಸಿದರು.

ಒಳಗಿನ ಭೋಜನಶಾಲೆಯ ಹೆಸರು ‘ಕೃಷ್ಣಾರ್ಪಣ’. ಪೂಜೆಯ ಕೊನೆಗೆ ‘ಕೃಷ್ಣಾರ್ಪಣಮಸ್ತು’ ಎನ್ನುವ ನಮ್ಮವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಊಟವೆಂದರೆ ಆರರಿಂದ ಇಪ್ಪತ್ತೆರಡು ಬಗೆಯವರೆಗೆ, ಒಂದಾದ ಮೇಲೊಂದರಂತೆ, ಅವಸರವಿಲ್ಲದ ಬಡಿಸುವಿಕೆ. ಮೊದಲ ತುತ್ತು ದೇವರಿಗೆ. ಅನಂತರ ಮೊಮೊ, ಅನ್ನ, ಬೇಳೆಯ ಸಾರು. ಸೊಪ್ಪನ್ನು ಹುಳಿಬರಿಸಿ ಒಣಗಿಸಿಟ್ಟ ಗುಂದ್ರುಕ್. ಕೊನೆಯಲ್ಲಿ ಶ್ರೀಖಂಡವನ್ನು ನೆನಪಿಸುವ ಸಿಕರ್ಣಿ. ಅಕ್ಕಿಯಿಂದ ಭಟ್ಟಿಯಿಳಿಸಿದ ಐಲಾವನ್ನು ಎತ್ತರದಿಂದ ಸಣ್ಣ ಮಣ್ಣಿನ ಬಟ್ಟಲಿಗೆ ತೆಳುವಾದ ಧಾರೆಯಾಗಿ ಸುರಿಯುತ್ತಾರೆ. ಚಳಿಗಾಲಕ್ಕೆಂದು ಬಡವರ ಮನೆಯಲ್ಲಿ ಕೂಡಿಟ್ಟ ಗುಂದ್ರುಕ್, ಇಲ್ಲಿ ಹಬ್ಬದಡುಗೆಯ ಪಕ್ಕದಲ್ಲೇ ಅಷ್ಟೇ ಗೌರವದಿಂದ ಕುಳಿತಿದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದು ಕಾಲದಲ್ಲಿ ಮನೆಯ ಹೆಣ್ಣುಮಕ್ಕಳು ಜಾತ್ರೆಯ ಮೆರವಣಿಗೆಯನ್ನು ನೋಡುತ್ತಿದ್ದ ಜಾಲಂಧ್ರದ ಹಿಂದೆ ಈಗ ದುಬಾರಿ ಬಾಡಿಗೆಯನ್ನು ತೆತ್ತ ಪ್ರವಾಸಿಯಿದ್ದಾನೆ. ಕಿಟಕಿ ಉಳಿಯಿತು, ಅದರ ಮನೆ ಉಳಿಯಲಿಲ್ಲ. ಇದನ್ನು ರಕ್ಷಣೆಯೆನ್ನಬೇಕೆ, ಸ್ಥಳಾಂತರವೆನ್ನಬೇಕೆ? 2015ರ ಏಪ್ರಿಲ್ 25ರ ಭೂಕಂಪಕ್ಕೆ ಕಾಠ್ಮಂಡುವಿಗೆ ಹೆಸರಿತ್ತ ಕಾಷ್ಠಮಂಟಪವೇ ನೆಲಕ್ಕುರುಳಿತು. ಅದನ್ನು ಹಳೆಯ ಕ್ರಮದಲ್ಲಿಯೇ ಮತ್ತೆ ಎತ್ತಿ ನಿಲ್ಲಿಸಲಾಯಿತು. ಉಳಿ ಹಿಡಿಯುವ ಕೈಗಳು ಆ ಕಣಿವೆಯಲ್ಲಿ ಇನ್ನೂ ಇದ್ದುದರಿಂದ ಅದು ಸಾಧ್ಯವಾಯಿತು. ಶ್ರೇಷ್ಠರ ಕಾರ್ಯಾಗಾರದ ಬೆಲೆ ಅಲ್ಲಿ ತಿಳಿಯುತ್ತದೆ.

ಚಂದ್ರಗಿರಿ ಹೊಳೆಯ ಇಕ್ಕೆಲಗಳಲ್ಲೂ ಹಳೆಯ ತರವಾಡು ಮನೆಗಳು ಬೀಳುತ್ತಿವೆ. ಹಲಸಿನ ಮರದ ಕಂಬಗಳು ಲಾರಿಯೇರಿ ಯಾವುದೋ ನಗರದ ಅಂಗಡಿಗೆ ಹೋಗುತ್ತಿವೆ. ಅಂಥ ಕಂಬವನ್ನು ಕೆತ್ತಬಲ್ಲ ಆಚಾರಿಗಳು ನಮ್ಮ ಊರುಗಳಲ್ಲಿ ಇನ್ನೆಷ್ಟು ಮಂದಿ ಇದ್ದಾರೆಂಬುದನ್ನು ಎಣಿಸಿಡುವ ಕೆಲಸವನ್ನಾದರೂ ಯಾರಾದರೂ ಕೈಗೊಳ್ಳಬೇಕು.